ಮೌನದ ಸಾಕ್ಷ್ಯ: ಸರ್ವರುಗಳ ಸ್ವಯಂಚಾಲಿತ ಕಾವಲು ಮತ್ತು ವೈಫಲ್ಯ ವರದಿಯನ್ನು ಕುರಿತ ಒಂದು ವಿವೇಚನೆ

೧

ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಆಧಾರಗಳು ಆಡುವ ಮಾತು ಎಷ್ಟು ಮುಖ್ಯವೋ, ಅವು ತಾಳುವ ಮೌನವೂ ಅಷ್ಟೇ ಮುಖ್ಯವಾದುದು. ಒಂದು ಘಟನೆಯನ್ನು ಸಮಕಾಲೀನ ದಾಖಲೆಯು ಹೇಳದೆ ಬಿಟ್ಟಿದ್ದರೆ, ಆ ಘಟನೆ ನಡೆಯಲೇ ಇಲ್ಲವೆಂದು ತೀರ್ಮಾನಿಸಬಹುದೆ ಎಂಬ ಪ್ರಶ್ನೆ ನಮ್ಮ ಶಾಸ್ತ್ರದಲ್ಲಿ ಹಳೆಯದು. ಫ್ರಾನ್ಸಿನ ವಿದ್ವಾಂಸರಾದ ಲಾಂಗ್ಲ್ವಾ ಮತ್ತು ಸೇನ್ಯೊಬೊ ಅವರು ೧೮೯೮ರಲ್ಲಿ ಪ್ರಕಟಿಸಿದ ಇತಿಹಾಸಾಧ್ಯಯನದ ಪ್ರವೇಶಗ್ರಂಥದಲ್ಲಿ ಇಂತಹ ತೀರ್ಮಾನಕ್ಕೆ ಎರಡು ನಿಬಂಧನೆಗಳನ್ನು ವಿಧಿಸಿದ್ದಾರೆ. ದಾಖಲೆಯನ್ನು ಬರೆದವನು ಆ ವರ್ಗದ ಸಂಗತಿಗಳನ್ನೆಲ್ಲ ಕ್ರಮವಾಗಿ ಬರೆದಿಡುವ ಉದ್ದೇಶವುಳ್ಳವನಾಗಿರಬೇಕು, ಅವೆಲ್ಲವೂ ಅವನ ಅರಿವಿಗೆ ಬಂದಿರಬೇಕು, ಇದು ಮೊದಲನೆಯದು. ಆ ಸಂಗತಿಯು ಅವನ ಮನಸ್ಸಿಗೆ ನಾಟದೆ ಹೋಗಲು ಸಾಧ್ಯವೇ ಇಲ್ಲವೆನ್ನುವಷ್ಟು ಬಲವಾದುದಾಗಿರಬೇಕು, ಇದು ಎರಡನೆಯದು. ಇವೆರಡೂ ಕೂಡಿಬರದ ಕಡೆ ಮೌನವನ್ನು ಸಾಕ್ಷ್ಯವೆಂದು ಎಣಿಸುವುದು ಸಲ್ಲದು.

ಈ ಸೂತ್ರವನ್ನು ನಾವು ತರಗತಿಗಳಲ್ಲಿ ಸಾಮಾನ್ಯವಾಗಿ ಪ್ರಾಚೀನ ಕಾಲದ ಆಧಾರಗಳನ್ನು ಕುರಿತು ಬೋಧಿಸುತ್ತೇವೆ. ಆದರೆ ಮೌನದಿಂದ ಅನುಮಾನಮಾಡುವ ಕಾರ್ಯವು ಇಂದು ವಿದ್ವಾಂಸರ ಅಭ್ಯಾಸಕೋಣೆಗಳಿಗಿಂತ ಬಹಳ ಹೆಚ್ಚಾಗಿ ಬೇರೊಂದು ಕ್ಷೇತ್ರದಲ್ಲಿ, ಹಗಲಿರುಳೆನ್ನದೆ ನಡೆಯುತ್ತಿದೆ. ಬ್ಯಾಂಕು, ಆಸ್ಪತ್ರೆ, ವಿದ್ಯುಜ್ಜಾಲ, ಸರಕಾರಿ ಕಚೇರಿ ಮೊದಲಾದವುಗಳ ವ್ಯವಹಾರವನ್ನೆಲ್ಲ ಹೊತ್ತಿರುವ ಸರ್ವರ್ ಎಂಬ ಗಣಕಯಂತ್ರಗಳನ್ನು ಮನುಷ್ಯರು ಕುಳಿತು ನೋಡುತ್ತಿರುವುದಿಲ್ಲ. ಅವುಗಳನ್ನು ನೋಡುವ ಕೆಲಸವನ್ನು ಮತ್ತೊಂದು ಯಂತ್ರಕ್ಕೆ ವಹಿಸಿರುತ್ತಾರೆ. ಕೆಟ್ಟದ್ದು ಕಂಡರೆ ಆ ಯಂತ್ರವು ಕೂಗುತ್ತದೆ. ಕೂಗದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಅರ್ಥ. ಮೌನಂ ಸಮ್ಮತಿಲಕ್ಷಣಂ ಎಂಬ ಲೋಕೋಕ್ತಿಯು ಇಲ್ಲಿ ಆಡಳಿತದ ನಿಯಮವೇ ಆಗಿಬಿಟ್ಟಿದೆ.

ಈ ವ್ಯವಸ್ಥೆಯ ದೊಡ್ಡ ವೈಫಲ್ಯಗಳನ್ನು ಕುರಿತು ವಿಸ್ತಾರವಾದ ವರದಿಗಳು ಪ್ರಕಟವಾಗಿವೆ. ಅವನ್ನು ಯಂತ್ರಶಾಸ್ತ್ರಜ್ಞರು ಯಂತ್ರಶಾಸ್ತ್ರದ ದೃಷ್ಟಿಯಿಂದ ಓದಿದ್ದಾರೆ. ನಾವು ಅವುಗಳನ್ನು ಆಕರವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸಲು ಇಲ್ಲಿ ಯತ್ನಿಸುತ್ತೇವೆ. ನಾವು ಪ್ರತಿಪಾದಿಸಬಯಸುವುದು ಇಷ್ಟು: ಮುಖ್ಯವಾದ ವೈಫಲ್ಯಗಳಲ್ಲಿ ಯಂತ್ರವು ಕಾಣದೆ ಹೋದುದಕ್ಕಿಂತ, ಅದರ ಮೌನವನ್ನು ಕ್ಷೇಮವೆಂದು ಓದಿದುದು ಮತ್ತು ಅದರ ಮಾತನ್ನು ಕೇಳಲೇಬೇಕಾದ ಹೊಣೆ ಯಾರ ಮೇಲೂ ಇಲ್ಲದೆ ಹೋದುದು ಹೆಚ್ಚಿನ ಹಾನಿಯನ್ನು ಮಾಡಿವೆ, ಹೀಗಿದ್ದೂ, ಅನಂತರ ಬರೆಯಲ್ಪಟ್ಟ ವರದಿಗಳಲ್ಲಿ ಅತ್ಯುತ್ತಮವಾದುದು ಕೂಡ ಈ ದೋಷಕ್ಕೆ ಸಲ್ಲಬೇಕಾದ ಹೆಸರನ್ನು ಕೊಟ್ಟಿಲ್ಲ.

೨

ವಿಷಯವನ್ನು ಪ್ರವೇಶಿಸುವ ಮೊದಲು ಈ ಕಾವಲಿನ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ಕಾವಲಿನ ವಿಧಾನಗಳು ಸ್ಥೂಲವಾಗಿ ಎರಡು. ಕಾಯುವ ಯಂತ್ರವು ಆಗಾಗ ಹೋಗಿ, ‘ಇದ್ದೀಯಾ?’ ಎಂದು ಕೇಳಿ ಉತ್ತರವನ್ನು ಪಡೆಯುವುದು ಒಂದು. ಕೆಟ್ಟ ಯಂತ್ರವೇ ತನಗೆ ಬಂದ ಕಷ್ಟವನ್ನು ತಾನಾಗಿ ಹೇಳಿಕೊಳ್ಳುವುದು ಇನ್ನೊಂದು.

ಮೊದಲನೆಯದಕ್ಕೆ ಅತ್ಯಂತ ಸರಳವಾದ ನಿದರ್ಶನವೆಂದರೆ ಪಿಂಗ್ ಎಂಬ ಸಣ್ಣ ಕಾರ್ಯಕ್ರಮ. ಅಮೆರಿಕದ ಸೇನೆಯ ಸಂಶೋಧನಾಲಯವೊಂದರಲ್ಲಿ ಕೆಲಸಮಾಡುತ್ತಿದ್ದ ಮೈಕ್ ಮೂಸ್ ಎಂಬವರು ಇದನ್ನು ೧೯೮೩ರ ಡಿಸೆಂಬರಿನಲ್ಲಿ ರಚಿಸಿದರು. ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ನೀರಿನೊಳಗೆ ಬಿಡುವ ಶಬ್ದದ ಪ್ರತಿಧ್ವನಿಯನ್ನು ಅನುಸರಿಸಿ ಇದಕ್ಕೆ ಈ ಹೆಸರು ಬಂದಿತು. ಇಲ್ಲಿ ಉತ್ತರ ಬಾರದಿದ್ದರೆ ಅದೇ ದುಃಶಕುನ. ಎಂದರೆ ಈ ವಿಧಾನದಲ್ಲಿ ಮೌನವು ಕೇಡಿನ ಸೂಚನೆ.

ಎರಡನೆಯದರಲ್ಲಿ ಅರ್ಥವು ತಿರುವುಮುರುವಾಗುತ್ತದೆ. ಎರಿಕ್ ಆಲ್‌ಮನ್ ಅವರು ೧೯೮೦ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪಿಸಿದ ಸಿಸ್‌ಲಾಗ್ ಎಂಬ ಕ್ರಮದಲ್ಲಿ ಪ್ರತಿಯೊಂದು ಗಣಕವೂ ತನ್ನೊಳಗಿನ ಸಂಗತಿಗಳನ್ನು ಎಂಟು ದರ್ಜೆಗಳಾಗಿ ವಿಂಗಡಿಸಿ ಬರೆಯುತ್ತ ಹೋಗುತ್ತದೆ. ಸೊನ್ನೆಯ ದರ್ಜೆ ಮಹಾವಿಪತ್ತಿಗೆ, ಏಳನೆಯದು ಕೇವಲ ದೋಷಶೋಧನೆಗೆ ಬೇಕಾಗುವ ವಿವರಗಳಿಗೆ ಮೀಸಲು. ೧೯೮೮ರಲ್ಲಿ ರೂಢಿಗೆ ಬಂದ ಎಸ್.ಎನ್.ಎಂ.ಪಿ. ಎಂಬ ಜಾಲನಿರ್ವಹಣೆಯ ನಿಯಮಾವಳಿಯಲ್ಲಿ, ಯಂತ್ರವು ತಾನಾಗಿ ಕಳುಹಿಸುವ ವಿಪತ್ತಿನ ಸುದ್ದಿಗೆ ಟ್ರ್ಯಾಪ್ ಎಂದು ಹೆಸರು. ಈ ಟ್ರ್ಯಾಪಿನ ಒಂದು ಲಕ್ಷಣವನ್ನು ವಾಚಕರು ಗಮನಿಸಬೇಕು. ಅದು ತಲುಪಿತೆಂಬುದಕ್ಕೆ ಮರಳಿ ರಸೀದಿ ಬರುವುದಿಲ್ಲ. ಕಳುಹಿಸಿದ ಯಂತ್ರವು ತನ್ನ ಕರ್ತವ್ಯ ಮುಗಿಯಿತೆಂದು ತಿಳಿಯುತ್ತದೆ. ಸುದ್ದಿಯು ದಾರಿಯಲ್ಲಿ ಕಳೆದುಹೋದರೆ ಅದನ್ನು ತಿಳಿಯುವವರೇ ಇಲ್ಲ. ಸ್ವೀಕೃತಿಯನ್ನು ಬೇಡುವ ಸಂದೇಶವು ಇದೇ ನಿಯಮಾವಳಿಯ ಎರಡನೆಯ ಆವೃತ್ತಿಯಲ್ಲಿ, ೧೯೯೩ರಲ್ಲಿ ಸೇರಿತು. ಅಂಚೆಯ ಭಾಷೆಯಲ್ಲಿ ಹೇಳುವುದಾದರೆ, ಸಾದಾ ಕಾಗದಕ್ಕೂ ಸ್ವೀಕೃತಿಪತ್ರವುಳ್ಳ ರಿಜಿಸ್ಟರ್ ಕಾಗದಕ್ಕೂ ಇರುವ ವ್ಯತ್ಯಾಸವೇ ಇದು.

ಇವೆರಡನ್ನೂ ಕೂಡಿಸಿ, ಸಾಮಾನ್ಯ ಸಂಸ್ಥೆಗಳಿಗೂ ನಿಲುಕುವಂತೆ ಮಾಡಿದ ಕಾರ್ಯಕ್ರಮಗಳಲ್ಲಿ ಈತನ್ ಗಾಲ್‌ಸ್ಟಾಡ್ ಅವರ ನೆಟ್‌ಸೇಂಟ್ ಗಣ್ಯವಾದುದು. ೧೯೯೯ರಲ್ಲಿ ಹೊರಬಂದ ಇದು ೨೦೦೨ರಲ್ಲಿ ನಾಗಿಯೋಸ್ ಎಂಬ ಹೆಸರನ್ನು ತಳೆಯಿತು. ಇದರಲ್ಲಿ ಪರೀಕ್ಷೆಗೊಳಗಾದ ಪ್ರತಿಯೊಂದು ಸೇವೆಗೂ ನಾಲ್ಕು ಸ್ಥಿತಿಗಳಲ್ಲಿ ಒಂದನ್ನು ನಿರ್ದೇಶಿಸುತ್ತಾರೆ: ಕ್ಷೇಮ, ಎಚ್ಚರಿಕೆ, ವಿಷಮ, ತಿಳಿಯದು. ನಾಲ್ಕನೆಯದಾದ ‘ತಿಳಿಯದು’ ಎಂಬುದನ್ನು ‘ಕ್ಷೇಮ’ದಿಂದ ಬೇರ್ಪಡಿಸಿದುದು ಸಣ್ಣ ಸಂಗತಿಯೇನೂ ಅಲ್ಲ. ಸಾಕ್ಷ್ಯವಿಲ್ಲದ ಕಡೆ ತೀರ್ಪು ಕೊಡಬಾರದೆಂಬ ವಿವೇಕವನ್ನು ಯಂತ್ರದ ರಚನೆಯಲ್ಲಿಯೇ ಅಡಕಮಾಡಿದಂತಾಯಿತು. ಆದರೆ ಈ ವಿವೇಕವು ಎಲ್ಲ ಕಡೆಯೂ ಇರಲಿಲ್ಲವೆಂಬುದಕ್ಕೆ ಮುಂದಿನ ವೃತ್ತಾಂತವೇ ನಿದರ್ಶನ.

೩

೨೦೦೩ರ ಆಗಸ್ಟ್ ೧೪ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿಯೂ ವಿದ್ಯುತ್ತು ನಿಂತುಹೋಯಿತು. ಸುಮಾರು ಐದು ಕೋಟಿ ಜನರು ಅದರಿಂದ ಬಾಧಿತರಾದರು. ಕಡಿತವಾದ ಹೊರೆ ೬೧,೮೦೦ ಮೆಗಾವಾಟು. ಇದನ್ನು ವಿಚಾರಿಸಲು ಎರಡೂ ದೇಶಗಳು ಕೂಡಿ ನೇಮಿಸಿದ ಕಾರ್ಯಪಡೆಯು ತನ್ನ ಅಂತಿಮ ವರದಿಯನ್ನು ೨೦೦೪ರ ಏಪ್ರಿಲಿನಲ್ಲಿ ಪ್ರಕಟಿಸಿತು. ಮರದ ಕೊಂಬೆಗಳು ತಂತಿಗೆ ತಗುಲಿದುವೆಂಬುದು ಈ ವಿಪತ್ತಿನ ಬಗೆಗೆ ಲೋಕದಲ್ಲಿ ಉಳಿದಿರುವ ನೆನಪು. ಅದು ಸುಳ್ಳಲ್ಲ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಓಹಾಯೋ ರಾಜ್ಯದ ಫಸ್ಟ್‌ಎನರ್ಜಿ ಎಂಬ ಸಂಸ್ಥೆಯ ಎರಡು ಸರ್ವರುಗಳ ಕಥೆ.

ಆ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿದ್ದ ನಿರ್ವಾಹಕರು ನೂರಾರು ಮೈಲಿ ಹರಡಿದ ತಂತಿಗಳ ಸ್ಥಿತಿಯನ್ನು ಗಣಕಗಳ ಮೂಲಕವೇ ತಿಳಿಯಬೇಕಾಗಿತ್ತು. ಯಾವುದೇ ಉಪಕರಣವು ಕೆಟ್ಟರೆ ಅಲಾರಂ ಕಾರ್ಯಕ್ರಮವು ಶಬ್ದಮಾಡಿ, ಪರದೆಯ ಮೇಲೆ ತೋರಿಸಿ, ದಾಖಲೆಯಲ್ಲಿಯೂ ಬರೆಯುತ್ತಿತ್ತು. ಆ ದಿನ ಮಧ್ಯಾಹ್ನ ೨ ಗಂಟೆ ೧೪ ನಿಮಿಷಕ್ಕೆ ಈ ಕಾರ್ಯಕ್ರಮವು ಒಂದು ಸಂಗತಿಯನ್ನು ಪರಿಷ್ಕರಿಸುತ್ತಿರುವಾಗಲೇ ಸ್ತಂಭಿಸಿಬಿಟ್ಟಿತು. ಅದು ಮುರಿದು ಬೀಳಲಿಲ್ಲ. ನಿಂತೆನೆಂದು ಹೇಳಲೂ ಇಲ್ಲ. ೨ ಗಂಟೆ ೪೧ ನಿಮಿಷಕ್ಕೆ ಅದನ್ನು ಹೊತ್ತಿದ್ದ ಮುಖ್ಯ ಸರ್ವರು ಕುಸಿಯಿತು. ಮೊದಲೇ ಮಾಡಿಟ್ಟ ಏರ್ಪಾಟಿನಂತೆ ಕೆಲಸವೆಲ್ಲ ಬದಲಿ ಸರ್ವರಿಗೆ ತಾನಾಗಿ ವರ್ಗವಾಯಿತು. ಆದರೆ ಸ್ತಂಭಿಸಿದ ಅಲಾರಂ ಕಾರ್ಯಕ್ರಮವು ಸ್ತಂಭಿಸಿದ ಸ್ಥಿತಿಯಲ್ಲಿಯೇ ಅಲ್ಲಿಗೂ ಹೋಯಿತು. ೧೩ ನಿಮಿಷಗಳ ಅನಂತರ ಬದಲಿ ಸರ್ವರೂ ಕುಸಿಯಿತು.

ಮುಂದೆ ನಡೆದುದು ವಿಶೇಷವಾಗಿ ವಿಚಾರಾರ್ಹವಾಗಿದೆ. ಸರ್ವರು ಬಿದ್ದ ಸುದ್ದಿಯನ್ನು ಯಂತ್ರವು ಮುಚ್ಚಿಡಲಿಲ್ಲ. ಗಣಕ ವಿಭಾಗದ ಸಿಬ್ಬಂದಿಗೆ ಪೇಜರಿನ ಮೂಲಕ ತಾನಾಗಿ ಕರೆ ಹೋಯಿತು. ಅವರು ಎಚ್ಚೆತ್ತರು, ಕೆಲಸಕ್ಕೆ ತೊಡಗಿದರು, ಸರ್ವರನ್ನು ಮತ್ತೆ ಹೂಡಿ ೩ ಗಂಟೆ ೮ ನಿಮಿಷಕ್ಕೆ ಅದನ್ನು ನಡೆಯುವಂತೆ ಮಾಡಿದರು. ಸರ್ವರು ನಡೆಯಿತು, ಅಲಾರಂ ನಡೆಯಲಿಲ್ಲ. ಅಲಾರಂ ಸರಿಹೋಯಿತೆ ಎಂದು ಅವರು ನಿಯಂತ್ರಣ ಕೊಠಡಿಯವರನ್ನು ಕೇಳಲಿಲ್ಲ. ಅದು ಕೆಟ್ಟಿತ್ತೆಂದು ಅವರಿಗೆ ತಿಳಿಸಿಯೂ ಇರಲಿಲ್ಲ. ಒಂದು ಸಂಸ್ಥೆಯ ಒಂದು ವಿಭಾಗಕ್ಕೆ ತಿಳಿದಿದ್ದ ಸಂಗತಿಯು, ಆ ಅರಿವಿನ ಮೇಲೆಯೇ ತನ್ನ ಕೆಲಸವನ್ನೆಲ್ಲ ನಡೆಸಬೇಕಾಗಿದ್ದ ಇನ್ನೊಂದು ವಿಭಾಗಕ್ಕೆ ತಿಳಿಯದೆ ಹೋಯಿತು.

ಈ ನಡುವೆ ತಂತಿಗಳು ಒಂದೊಂದಾಗಿ ಕಡಿತಗೊಳ್ಳತೊಡಗಿದವು. ೩ ಗಂಟೆ ೫ ನಿಮಿಷಕ್ಕೆ ಒಂದು, ೩ ಗಂಟೆ ೩೨ ನಿಮಿಷಕ್ಕೆ ಎರಡನೆಯದು, ೩ ಗಂಟೆ ೪೧ ನಿಮಿಷಕ್ಕೆ ಮೂರನೆಯದು, ಹೀಗೆ ೩೪೫ ಕಿಲೋವೋಲ್ಟಿನ ಮೂರು ಮಹಾಮಾರ್ಗಗಳು ಹೋದವು. ಕೊಠಡಿಯಲ್ಲಿ ಶಬ್ದವಿಲ್ಲ, ಪರದೆಯ ಮೇಲೆ ಸೂಚನೆಯಿಲ್ಲ. ಆದರೆ ಹೊರಗಿನಿಂದ ಮನುಷ್ಯರ ದನಿಗಳು ಬರುತ್ತಲೇ ಇದ್ದವು. ೨ ಗಂಟೆ ೩೨ ನಿಮಿಷಕ್ಕೇ ನೆರೆಯ ಅಮೆರಿಕನ್ ಎಲೆಕ್ಟ್ರಿಕ್ ಪವರ್ ಸಂಸ್ಥೆಯವರು ದೂರವಾಣಿಯಲ್ಲಿ ಕರೆದು, ಎರಡೂ ಸಂಸ್ಥೆಗಳನ್ನು ಜೋಡಿಸುವ ಮಾರ್ಗವೊಂದು ಕ್ಷಣಕಾಲ ಕಡಿತಗೊಂಡು ಮತ್ತೆ ಕೂಡಿಕೊಂಡಿತೆಂದು ತಿಳಿಸಿದ್ದರು. ಇಲ್ಲಿಯ ದಾಖಲೆಯಲ್ಲಿ ಅಂತಹ ಗುರುತೇ ಇರಲಿಲ್ಲ. ಅನಂತರ ಅಣುವಿದ್ಯುತ್ ಕೇಂದ್ರವೊಂದರಿಂದಲೂ, ಪ್ರಾದೇಶಿಕ ಮೇಲ್ವಿಚಾರಣೆಯ ಸಂಸ್ಥೆಗಳಿಂದಲೂ ಕರೆಗಳು ಬಂದವು. ತಮ್ಮ ಗಣಕವ್ಯವಸ್ಥೆ ಕೆಟ್ಟಿದೆಯೆಂದು ನಿಯಂತ್ರಣ ಕೊಠಡಿಯವರು ಅರಿತರೆಂಬುದಕ್ಕೆ ಮೊತ್ತಮೊದಲ ದಾಖಲೆ ಸಿಕ್ಕುವುದು ೩ ಗಂಟೆ ೪೨ ನಿಮಿಷಕ್ಕೆ. ಸ್ತಂಭನದ ಕ್ಷಣದಿಂದ ಅಲ್ಲಿಯವರೆಗೆ ೮೮ ನಿಮಿಷಗಳು ಕಳೆದಿದ್ದವು. ೪ ಗಂಟೆ ೬ ನಿಮಿಷದ ಹೊತ್ತಿಗೆ ಕೊನೆಯ ಆಸರೆಯಾಗಿದ್ದ ಮಾರ್ಗವೂ ಕಡಿತಗೊಂಡಿತು. ೪ ಗಂಟೆ ೧೩ ನಿಮಿಷದೊಳಗೆ ಎಂಟು ರಾಜ್ಯಗಳಿಗೂ ಒಂಟಾರಿಯೊಕ್ಕೂ ಕುಸಿತವು ವ್ಯಾಪಿಸಿತ್ತು.

ಫಸ್ಟ್‌ಎನರ್ಜಿಯ ಮೇಲ್ವಿಚಾರಣೆಯ ಹೊಣೆಯನ್ನು ಹೊತ್ತಿದ್ದ ಮಿಡ್‌ವೆಸ್ಟ್ ಐ.ಎಸ್.ಓ. ಎಂಬ ಪ್ರಾದೇಶಿಕ ಸಂಸ್ಥೆಯಲ್ಲಿಯೂ ಇದೇ ಬಗೆಯ ಸಂಗತಿ ನಡೆಯಿತು. ಜಾಲದ ಸ್ಥಿತಿಯನ್ನು ಐದು ನಿಮಿಷಕ್ಕೊಮ್ಮೆ ಲೆಕ್ಕಹಾಕುವ ಕಾರ್ಯಕ್ರಮವು ತಪ್ಪು ಫಲಿತಾಂಶವನ್ನು ಕೊಡುತ್ತಿದ್ದುದರಿಂದ ಅಲ್ಲಿಯ ತಜ್ಞರೊಬ್ಬರು ಅದರ ಸ್ವಯಂಚಾಲನೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ, ಸ್ವಯಂಚಾಲನೆಯನ್ನು ಮತ್ತೆ ಹೂಡುವುದನ್ನು ಮರೆತು ಊಟಕ್ಕೆ ಹೊರಟುಹೋದರು. ಸುಮಾರು ೨ ಗಂಟೆ ೪೦ ನಿಮಿಷದವರೆಗೆ ಅದನ್ನು ಯಾರೂ ಗಮನಿಸಲಿಲ್ಲ. ನಿಂತ ಯಂತ್ರವು ತಾನು ನಿಂತಿರುವುದನ್ನು ಹೇಳಲಾರದಷ್ಟೆ.

೪

ಈ ವರದಿಯ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಘಟನೆಗಳ ಪೂರ್ವಾಪರವನ್ನು ನಿಮಿಷ ಸೆಕೆಂಡುಗಳವರೆಗೆ ನಿರ್ಣಯಿಸಿರುವ ಇದರ ಶ್ರಮ ಅಸಾಧಾರಣವಾದುದು. ಬೇರೆ ಬೇರೆ ಕೇಂದ್ರಗಳ ಗಡಿಯಾರಗಳು ಪರಸ್ಪರ ಹೊಂದುತ್ತಿರಲಿಲ್ಲವೆಂಬ ತೊಡಕನ್ನು ಕಾರ್ಯಪಡೆಯು ಮರೆಮಾಚದೆ, ಮುಂದೆ ಕಾಲವನ್ನು ಸರಿಹೊಂದಿಸಿದ ದಾಖಲೆಯಂತ್ರಗಳೇ ಇರತಕ್ಕದ್ದೆಂದು ತನ್ನ ೪೬ ಶಿಫಾರಸುಗಳಲ್ಲಿ ಸೇರಿಸಿದೆ. ಶಾಸನಗಳ ಕಾಲನಿರ್ಣಯದಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ತಾಳೆನೋಡುವ ಅಭ್ಯಾಸವುಳ್ಳ ನಮ್ಮ ವಿದ್ಯಾರ್ಥಿಗಳಿಗೆ ಈ ಶ್ರಮದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಯಂತ್ರದ ದಾಖಲೆ ನಿಂತುಹೋದ ಅವಧಿಗೆ ದೂರವಾಣಿಯ ಸಂಭಾಷಣೆಗಳನ್ನು ಆಧಾರವಾಗಿ ಬಳಸಿಕೊಂಡಿರುವುದೂ ಉತ್ತಮವಾದ ಇತಿಹಾಸಕಾರನ ಕೆಲಸವೇ ಸರಿ.

ಆದರೆ ವೃತ್ತಾಂತದಿಂದ ತೀರ್ಮಾನಕ್ಕೆ ಬರುವಾಗ ವರದಿಯು ತನ್ನದೇ ಆದ ಸಾಕ್ಷ್ಯದ ಬಲವನ್ನು ಕುಗ್ಗಿಸಿಕೊಂಡಿದೆಯೆಂದು ನಮ್ಮ ಅಭಿಪ್ರಾಯ. ಕಾರಣಗಳನ್ನು ಅದು ನಾಲ್ಕು ವರ್ಗಗಳಾಗಿ ಮಾಡಿದೆ: ಜಾಲದ ದೌರ್ಬಲ್ಯವನ್ನು ತಿಳಿಯದೆ ಹೋದುದು, ಪರಿಸ್ಥಿತಿಯ ಅರಿವು ಸಾಲದಾದುದು, ಮರಗಳನ್ನು ಕಡಿಯದೆ ಬಿಟ್ಟುದು, ಪ್ರಾದೇಶಿಕ ಸಂಸ್ಥೆಗಳಿಂದ ತಕ್ಕ ನೆರವು ಬಾರದೆ ಹೋದುದು. ಸರ್ವರುಗಳ ಕಥೆಯೆಲ್ಲವೂ ಎರಡನೆಯ ವರ್ಗದಲ್ಲಿ, ‘ಪರಿಸ್ಥಿತಿಯ ಅರಿವು’ ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಅರಿವು ಎಂಬುದು ಮನಸ್ಸಿನ ಧರ್ಮ. ಅರಿವಿಲ್ಲದೆ ಹೋಯಿತೆಂದರೆ ಕೊರತೆಯು ನಿರ್ವಾಹಕರ ಮನಸ್ಸಿನಲ್ಲಿತ್ತೆಂಬ ಭಾವನೆ ಓದುಗನಲ್ಲಿ ಮೂಡುತ್ತದೆ. ವೃತ್ತಾಂತವು ಹೇಳುವುದಾದರೋ ಬೇರೆಯೇ. ಅರಿವು ಆ ಸಂಸ್ಥೆಯಲ್ಲಿಯೇ ಇತ್ತು. ಪೇಜರಿನ ಕರೆಯನ್ನು ಪಡೆದವರ ಬಳಿ ಅದು ೨ ಗಂಟೆ ೪೧ ನಿಮಿಷದಿಂದಲೇ ಇತ್ತು. ಇಲ್ಲದಿದ್ದುದು ಆ ಅರಿವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕರ್ತವ್ಯ. ವರದಿಯು ಇದನ್ನು ಕಾಣದೆ ಇಲ್ಲ. ಗಣಕ ವಿಭಾಗಕ್ಕೂ ನಿರ್ವಾಹಕರಿಗೂ ನಡುವೆ ಸರಿಯಾದ ಸಂಪರ್ಕದ ಕ್ರಮವಿರಲಿಲ್ಲವೆಂದೂ, ತಮ್ಮ ಉಪಕರಣಗಳು ನಡೆಯುತ್ತಿವೆಯೇ ಎಂಬುದನ್ನು ನಿರ್ವಾಹಕರು ಸದಾ ತಿಳಿದಿರುವಂತೆ ಮಾಡುವ ಏರ್ಪಾಟಿರಲಿಲ್ಲವೆಂದೂ ಅದು ಸ್ಪಷ್ಟವಾಗಿ ಬರೆದಿದೆ. ಆದರೆ ಮುಖ್ಯ ಕಾರಣವಾಗಿ ನಿಲ್ಲಬೇಕಾಗಿದ್ದುದನ್ನು ಅರಿವಿನ ಕೊರತೆಗೆ ಅಂಗವಾಗಿ ಸೇರಿಸಿಬಿಟ್ಟಿದೆ. ಹೆಸರು ತಪ್ಪಿದರೆ ಹೊಣೆಯೂ ತಪ್ಪುತ್ತದೆ. ಅರಿವಿನ ಕೊರತೆಗೆ ತರಬೇತಿಯೂ ಹೊಸ ಪರದೆಗಳೂ ಔಷಧ. ಕರ್ತವ್ಯದ ಕೊರತೆಗೆ ಅವು ಔಷಧವಲ್ಲ.

ತಜ್ಞರು ಅನಂತರ ಅಲಾರಂ ಕಾರ್ಯಕ್ರಮದ ದೋಷವನ್ನು ಪತ್ತೆಮಾಡಿದರು. ಎರಡು ಪ್ರಕ್ರಿಯೆಗಳು ಒಂದೇ ಮಾಹಿತಿಯ ಮೇಲೆ ಒಂದೇ ಕ್ಷಣದಲ್ಲಿ ಕೈಯಿಡುವುದಕ್ಕೆ ಅವಕಾಶವಿದ್ದುದೇ ಆ ದೋಷ. ಈ ಶೋಧವು ಮೆಚ್ಚತಕ್ಕದ್ದು. ಆದರೆ ಇದನ್ನೇ ವಿಪತ್ತಿನ ಕಾರಣವೆಂದು ಹೇಳುವ ರೂಢಿಯನ್ನು ನಾವು ಒಪ್ಪಲಾರೆವು. ನಿಮಿತ್ತ ಬೇರೆ, ಕಾರಣ ಬೇರೆ ಎಂಬುದು ಇತಿಹಾಸದ ಮೊದಲ ಪಾಠ. ೨ ಗಂಟೆ ೧೪ ನಿಮಿಷಕ್ಕೆ ಏನಾಯಿತೆಂಬುದನ್ನು ಆ ದೋಷ ವಿವರಿಸುತ್ತದೆ; ಮುಂದಿನ ೮೮ ನಿಮಿಷಗಳನ್ನು ಅದು ವಿವರಿಸುವುದಿಲ್ಲ.

ಲಾಂಗ್ಲ್ವಾ ಮತ್ತು ಸೇನ್ಯೊಬೊ ಅವರ ಸೂತ್ರವನ್ನು ಈಗ ಇಲ್ಲಿಗೆ ಅನ್ವಯಿಸಿ ನೋಡೋಣ. ಅಲಾರಂ ಕಾರ್ಯಕ್ರಮವು ಆ ವರ್ಗದ ಸಂಗತಿಗಳನ್ನೆಲ್ಲ ಬರೆಯುವುದಕ್ಕೆಂದೇ ನಿರ್ಮಿತವಾದುದು. ಅವೆಲ್ಲವೂ ಅದಕ್ಕೆ ತಿಳಿಯುತ್ತಿದ್ದುವು. ಮಹಾಮಾರ್ಗವೊಂದು ಕಡಿತಗೊಳ್ಳುವುದು ಅದರ ಗಮನವನ್ನು ತಪ್ಪಿಸುವಂತಹ ಸಂಗತಿಯೂ ಅಲ್ಲ. ಎಂದರೆ ಎರಡು ನಿಬಂಧನೆಗಳೂ ನಿರ್ವಾಹಕರ ದೃಷ್ಟಿಯಲ್ಲಿ ಪೂರೈಸಿದ್ದವು. ಆದುದರಿಂದ ಮೌನದಿಂದ ಅವರು ಮಾಡಿದ ಅನುಮಾನವು ತರ್ಕಕ್ಕೆ ವಿರುದ್ಧವಾಗಿರಲಿಲ್ಲ. ಆದರೂ ಅದು ಸುಳ್ಳಾಯಿತು. ಇದರಿಂದ ಮೂರನೆಯ ನಿಬಂಧನೆಯೊಂದು ಅವಶ್ಯವೆಂದು ತೋರುತ್ತದೆ: ಸಾಕ್ಷಿಯು ಆ ಹೊತ್ತಿನಲ್ಲಿ ಜೀವಂತವಾಗಿದ್ದನೆಂಬುದಕ್ಕೆ ಬೇರೆ ಪ್ರಮಾಣವಿರಬೇಕು. ಒಬ್ಬ ಬಖೈರುಕಾರನ ಬರವಣಿಗೆ ಒಂದು ವರ್ಷಕ್ಕೆ ನಿಂತುಹೋದರೆ, ಅಲ್ಲಿಂದ ಮುಂದೆ ರಾಜ್ಯದಲ್ಲಿ ಏನೂ ನಡೆಯಲಿಲ್ಲವೆಂದು ನಾವು ಹೇಳುವುದಿಲ್ಲ. ಬರೆಯುವವನು ಇಲ್ಲವಾದನೆಂದು ತಿಳಿಯುತ್ತೇವೆ. ನಮ್ಮ ಮುಂದೆ ಗ್ರಂಥದ ಕೊನೆಯ ಪುಟವಿರುವುದರಿಂದ ಹಾಗೆ ತಿಳಿಯುವುದು ಸಾಧ್ಯ. ಓಹಾಯೋದ ನಿರ್ವಾಹಕರಿಗೆ ಗ್ರಂಥವು ಮುಗಿದಿದೆಯೋ, ಬರೆಯತಕ್ಕದ್ದೇನೂ ಇಲ್ಲದೆ ಪುಟವು ಬರಿದಾಗಿದೆಯೋ ಎಂಬುದನ್ನು ಬೇರ್ಪಡಿಸಿ ನೋಡುವ ಉಪಾಯವೇ ಇರಲಿಲ್ಲ.

೫

ಇದು ಒಂದು ಸಂಸ್ಥೆಯ ಅಥವಾ ಒಂದು ಕಾಲದ ದೋಷವೆಂದು ಯಾರಾದರೂ ಭಾವಿಸಬಹುದು. ಹಾಗಲ್ಲವೆಂಬುದಕ್ಕೆ ಅನಂತರದ ಮೂರು ನಿದರ್ಶನಗಳು ಸಾಕು.

ನೈಟ್ ಕ್ಯಾಪಿಟಲ್ ಎಂಬುದು ಅಮೆರಿಕದ ಷೇರು ವ್ಯಾಪಾರದ ಸಂಸ್ಥೆ. ೨೦೧೨ರ ಆಗಸ್ಟ್ ೧ರಂದು ಅದರ ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕಾರ್ಯಕ್ರಮವನ್ನು ಹಾಕದೆ ಉಳಿದಿತ್ತು. ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿಲ್ಲದ ಹಳೆಯ ಕಾರ್ಯಕ್ರಮವೊಂದು ಎಚ್ಚೆತ್ತು, ನಿಲ್ಲಿಸದೆ ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೋಯಿತು. ಸುಮಾರು ೪೫ ನಿಮಿಷಗಳಲ್ಲಿ ೧೫೪ ಕಂಪನಿಗಳ ಷೇರುಗಳಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕಿ ವ್ಯವಹಾರಗಳು ನಡೆದು, ೪೬ ಕೋಟಿ ಡಾಲರುಗಳಿಗಿಂತ ಹೆಚ್ಚು ನಷ್ಟವಾಯಿತು. ಅಮೆರಿಕದ ಷೇರುಪೇಟೆಗಳ ನಿಯಂತ್ರಣಾಧಿಕಾರವುಳ್ಳ ಆಯೋಗವು ೨೦೧೩ರ ಅಕ್ಟೋಬರಿನಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಒಂದು ಗಮನಾರ್ಹವಾದ ಸಂಗತಿಯಿದೆ. ಪೇಟೆ ತೆರೆಯುವ ಮೊದಲೇ ಸಂಸ್ಥೆಯ ಸರ್ವರುಗಳು ಈ ಹಳೆಯ ಕಾರ್ಯಕ್ರಮದ ಹೆಸರನ್ನೇ ಎತ್ತಿ ಹೇಳುವ ೯೭ ಇ-ಮೇಲುಗಳನ್ನು ನೌಕರರ ಗುಂಪೊಂದಕ್ಕೆ ಕಳುಹಿಸಿದ್ದವು. ಅವು ಎಚ್ಚರಿಕೆಗಳೆಂದು ಉದ್ದೇಶಿಸಿ ಏರ್ಪಡಿಸಿದುವಾಗಿರಲಿಲ್ಲ. ಬಂದಾಗ ಅವನ್ನು ಓದುವ ರೂಢಿಯೂ ಇರಲಿಲ್ಲ. ಓಹಾಯೋದಲ್ಲಿ ಯಂತ್ರ ಮಾತನಾಡಲಿಲ್ಲ. ಇಲ್ಲಿ ೯೭ ಸಲ ಮಾತನಾಡಿತು. ಫಲ ಒಂದೇ.

ಎರಡನೆಯದು ಗಿಟ್‌ಲ್ಯಾಬ್ ಸಂಸ್ಥೆಯ ಪ್ರಸಂಗ. ೨೦೧೭ರ ಜನವರಿ ೩೧ರಂದು ಅಲ್ಲಿಯ ಮುಖ್ಯ ದತ್ತಾಂಶಕೋಶವು ಕೈತಪ್ಪಿನಿಂದ ಅಳಿಸಿಹೋಯಿತು. ನಿತ್ಯವೂ ತೆಗೆಯಲಾಗುತ್ತಿದೆಯೆಂದು ನಂಬಿದ್ದ ಪ್ರತಿಯನ್ನು ಹುಡುಕಿದರೆ ಅದು ಇರಲೇ ಇಲ್ಲ. ಕಾರ್ಯಕ್ರಮಗಳ ಆವೃತ್ತಿಗಳು ಹೊಂದದೆ ಪ್ರತಿತೆಗೆಯುವ ಕೆಲಸವು ವಿಫಲವಾಗುತ್ತಿತ್ತು. ಹಾಗೆ ವಿಫಲವಾದಾಗಲೆಲ್ಲ ಯಂತ್ರವು ಇ-ಮೇಲನ್ನು ಕಳುಹಿಸುತ್ತಲೇ ಇತ್ತು. ಆದರೆ ಆ ಪತ್ರಗಳಲ್ಲಿ ಕಳುಹಿಸಿದವರಾರೆಂಬುದನ್ನು ದೃಢಪಡಿಸುವ ಗುರುತು ಇಲ್ಲದಿದ್ದುದರಿಂದ ಪಡೆಯುವ ಕಡೆಯ ವ್ಯವಸ್ಥೆಯು ಅವನ್ನು ಬಾಗಿಲಿನಿಂದಲೇ ಹಿಂದಿರುಗಿಸುತ್ತಿತ್ತು. ಆರು ಗಂಟೆಗಳ ಹಿಂದೆ ಬೇರೆ ಕೆಲಸಕ್ಕಾಗಿ ಒಬ್ಬರು ತೆಗೆದಿಟ್ಟಿದ್ದ ಪ್ರತಿಯೊಂದು ದೈವವಶಾತ್ ದೊರೆತುದರಿಂದ ನಷ್ಟವು ಆರು ಗಂಟೆಗಳ ಮಾಹಿತಿಗೆ ಸೀಮಿತವಾಯಿತು. ಈ ಸಂಸ್ಥೆಯು ತನ್ನ ತಪ್ಪುಗಳನ್ನೆಲ್ಲ ಬಿಚ್ಚಿ ಬರೆದು ಪ್ರಕಟಿಸಿದ ವರದಿಯು ಇಂತಹ ಬರವಣಿಗೆಯಲ್ಲಿ ಪ್ರಾಮಾಣಿಕತೆಗೆ ಮೇಲ್ಪಂಕ್ತಿಯಾಗಿದೆ. ನಿತ್ಯವೂ ಪ್ರತಿಯಾಗುತ್ತಿದೆಯೆಂದು ನೋಡುವ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲವೆಂಬುದನ್ನು ಅದು ನೇರವಾಗಿ ಒಪ್ಪಿಕೊಂಡಿದೆ. ಕಾರ್ಯಪಡೆಯ ವರದಿಯಲ್ಲಿ ಹಿನ್ನೆಲೆಗೆ ಸರಿದ ವಿಚಾರ ಇಲ್ಲಿ ಮುನ್ನೆಲೆಗೆ ಬಂದಿದೆ.

ಮೂರನೆಯದು ಅದೇ ವರ್ಷದ ಫೆಬ್ರವರಿ ೨೮ರಂದು ಅಮೆಜಾನಿನ ಸಂಗ್ರಹಸೇವೆ ನಿಂತುಹೋದ ಸಂದರ್ಭ. ಸೇವೆಗಳ ಸ್ಥಿತಿಯನ್ನು ಗ್ರಾಹಕರಿಗೆ ತಿಳಿಸುವ ಫಲಕವನ್ನು ಬದಲಾಯಿಸುವ ಸಾಧನವು ಅದೇ ಸಂಗ್ರಹಸೇವೆಯನ್ನು ಅವಲಂಬಿಸಿತ್ತು. ಆದುದರಿಂದ ಸೇವೆ ಬಿದ್ದ ಮೇಲೆ ಸುಮಾರು ಎರಡು ಗಂಟೆಗಳ ಕಾಲ ಆ ಫಲಕದ ಮೇಲೆ ಸೇವೆಗಳ ನಿಜಸ್ಥಿತಿಯನ್ನು ತೋರಿಸುವುದು ಸಾಧ್ಯವಾಗಲಿಲ್ಲ. ಬೀಳುವ ಗೋಡೆಯ ಮೇಲೆಯೇ ಎಚ್ಚರಿಕೆಯ ಹಲಗೆಯನ್ನು ತೂಗುಹಾಕಿದಂತಾಗಿತ್ತು. ಸಾಕ್ಷಿಯು ಘಟನೆಯಿಂದ ಸ್ವತಂತ್ರನಾಗಿರಬೇಕೆಂಬ ಆಕರವಿಮರ್ಶೆಯ ನಿಯಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಕ್ಕುವುದು ಕಷ್ಟ.

೬

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಈ ದೋಷಗಳಿಗೆಲ್ಲ ಯಂತ್ರಶಾಸ್ತ್ರದಲ್ಲಿಯೇ ಪರಿಹಾರವಿದೆ, ಇತಿಹಾಸಕಾರರ ಉಪದೇಶವೇಕೆ ಎಂಬುದೇ ಅದು. ಪರಿಹಾರವಿರುವುದು ನಿಜ. ಕಾವಲಿನ ಯಂತ್ರವು ಕೇಡಿನ ಸುದ್ದಿಯನ್ನು ಮಾತ್ರವಲ್ಲದೆ, ತಾನು ಬದುಕಿದ್ದೇನೆಂಬ ಸುದ್ದಿಯನ್ನೂ ನಿಯತಕಾಲಕ್ಕೆ ಕಳುಹಿಸುತ್ತಿರುವಂತೆ ಮಾಡಬಹುದು. ಇದಕ್ಕೆ ಹಾರ್ಟ್‌ಬೀಟ್, ಎಂದರೆ ಹೃದಯದ ಬಡಿತ, ಎಂದು ಹೆಸರು. ೨೦೧೨ರಲ್ಲಿ ಆರಂಭವಾದ ಪ್ರೊಮಿಥಿಯಸ್ ಎಂಬ ಕಾವಲಿನ ವ್ಯವಸ್ಥೆಯನ್ನು ಬಳಸುವವರು ಸದಾ ಕೂಗುತ್ತಲೇ ಇರುವ ಒಂದು ಅಲಾರಮನ್ನು ಬೇಕೆಂದೇ ಏರ್ಪಡಿಸುತ್ತಾರೆ. ಆ ಕೂಗು ನಿಂತರೆ ಹೊರಗಿನ ಇನ್ನೊಂದು ವ್ಯವಸ್ಥೆಯು ಮನುಷ್ಯರನ್ನು ಎಬ್ಬಿಸುತ್ತದೆ. ರಾತ್ರಿ ಗಸ್ತು ತಿರುಗುವವನು ನೆಲಕ್ಕೆ ದೊಣ್ಣೆಯನ್ನು ಕುಟ್ಟುತ್ತ ಹೋಗುವ ಪದ್ಧತಿಯ ಹಿಂದಿರುವ ತತ್ತ್ವವೂ ಇದೇ. ಆ ಸದ್ದು ಕಳ್ಳನಿಗೆ ಎಚ್ಚರಿಕೆಯಾಗುವಂತೆ ಮನೆಯವರಿಗೆ ಕಾವಲುಗಾರನು ಎದ್ದಿದ್ದಾನೆಂಬುದಕ್ಕೆ ಪ್ರಮಾಣವೂ ಆಗುತ್ತದೆ. ನಾವು ಮೇಲೆ ಸೂಚಿಸಿದ ಮೂರನೆಯ ನಿಬಂಧನೆಯನ್ನು ಇದು ಪೂರೈಸುತ್ತದೆ.

ಆದರೆ ಇದರಿಂದ ಪ್ರಶ್ನೆಯ ಅರ್ಧ ಮಾತ್ರ ತೀರಿತು. ಹೃದಯದ ಬಡಿತ ನಿಂತಿತೆಂಬ ಸುದ್ದಿಯೂ ಒಂದು ಸುದ್ದಿಯೇ. ಅದನ್ನೂ ಯಾರಾದರೂ ಕೇಳಬೇಕು. ೨೦೦೩ರಲ್ಲಿ ಸರ್ವರು ಬಿದ್ದ ಸುದ್ದಿಯು ಸರಿಯಾಗಿಯೇ ತಲುಪಿತ್ತೆಂಬುದನ್ನು ಮರೆಯಬಾರದು. ತಲುಪಿದವರಿಗೆ ಅದು ಒಂದು ಯಂತ್ರ ಕೆಟ್ಟ ಸುದ್ದಿಯಾಗಿತ್ತು. ಕಣ್ಣು ಕಳೆದುಕೊಂಡ ಸಹೋದ್ಯೋಗಿಗಳ ಸುದ್ದಿಯಾಗಿರಲಿಲ್ಲ. ಅಲಾರಂಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದಲೂ ಪ್ರಯೋಜನವಿಲ್ಲ. ೯೭ ಪತ್ರಗಳನ್ನು ಓದದವರು ೯೭೦ನ್ನು ಓದುವರೆಂದು ನಂಬಲು ಆಧಾರವಿಲ್ಲ. ಓದದಿರುವ ಅಭ್ಯಾಸವೇ ಬಲಿಯುತ್ತದೆ. ಆದುದರಿಂದ ಪ್ರತಿಯೊಂದು ಎಚ್ಚರಿಕೆಯ ಬಗೆಗೂ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿ ಉತ್ತರವನ್ನು ಬರೆದಿಡಬೇಕೆಂದು ನಮಗೆ ತೋರುತ್ತದೆ. ಇದನ್ನು ಕೇಳಬೇಕಾದವರು ಇಂಥವರೇ ಎಂದು ಹೆಸರಿಸಿದೆಯೆ? ಕೇಳಿದೆನೆಂದು ಅವರು ಮರುನುಡಿಯಬೇಕೆಂಬ ನಿಯಮವಿದೆಯೆ? ಈ ಸಂಗತಿಯನ್ನು ಅವಲಂಬಿಸಿರುವ ಇತರರಿಗೆ ಅದನ್ನು ದಾಟಿಸುವ ಕರ್ತವ್ಯ ಅವರದೆಂದು ಗೊತ್ತುಮಾಡಿದೆಯೆ? ಈ ಮೂರಕ್ಕೂ ಉತ್ತರವಿಲ್ಲದ ಕಡೆ ಇರುವುದು ಕಾವಲಲ್ಲ, ಕಾವಲಿನ ಸೋಗು.

ಇನ್ನೂ ಒಂದು ಮಾತನ್ನು ಹೇಳಬೇಕಾಗಿದೆ. ಓಹಾಯೋದ ಕೊಠಡಿಗೆ ಹೊರಗಿನಿಂದ ಬಂದ ಕರೆಗಳನ್ನು ಒಟ್ಟುಗೂಡಿಸಿ ನೋಡಿದ್ದರೆ, ಯಂತ್ರದ ಮೌನವು ಸುಳ್ಳೆಂದು ೩ ಗಂಟೆ ೪೨ ನಿಮಿಷಕ್ಕಿಂತ ಮೊದಲೇ ತಿಳಿಯಬಹುದಾಗಿತ್ತು. ಪರಸ್ಪರ ಸಂಬಂಧವಿಲ್ಲದ ಹಲವು ಸಾಕ್ಷಿಗಳು ಒಂದೇ ಮಾತನ್ನು ಹೇಳುತ್ತಿರುವಾಗ, ಏಕಮಾತ್ರ ಸಾಕ್ಷಿಯ ಮೌನವನ್ನು ಅವರಿಗಿಂತ ಹೆಚ್ಚಾಗಿ ನಂಬುವುದು ನಮ್ಮ ಶಾಸ್ತ್ರದಲ್ಲಿ ಸಲ್ಲದು. ಇಲ್ಲಿ ನಿರ್ವಾಹಕರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಯಂತ್ರದ ಮಾತೇ ಪ್ರಮಾಣ, ಮನುಷ್ಯನ ಮಾತು ಅದಕ್ಕೆ ಅಧೀನ ಎಂಬ ಕ್ರಮದಲ್ಲಿ ವರ್ಷಗಟ್ಟಲೆ ದುಡಿದವರು ಒಂದು ಮಧ್ಯಾಹ್ನ ಆ ಕ್ರಮವನ್ನು ತಿರುವುಮುರುವು ಮಾಡಬೇಕಾಗಿತ್ತೆಂದು ಹೇಳುವುದು ಸುಲಭ, ಮಾಡುವುದು ಸುಲಭವಲ್ಲ. ಅದನ್ನು ಸುಲಭವಾಗಿಸುವ ಏರ್ಪಾಟು ಸಂಸ್ಥೆಯದಾಗಿರಬೇಕಾಗಿತ್ತು.

೭

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಈ ಚರ್ಚೆಗೆ ಎಡೆಯುಂಟೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದು. ಮುಂದಿನ ಇತಿಹಾಸಕಾರರ ಆಕರಗಳು ಈಗ ಸರ್ವರುಗಳಲ್ಲಿ ಸೇರುತ್ತಿವೆ. ನಮ್ಮ ರಾಜ್ಯದಲ್ಲಿಯೇ ಈ ಶತಮಾನದ ಆರಂಭದಿಂದ ಭೂಮಿ ಯೋಜನೆಯ ಮೂಲಕ ರೈತರ ಪಹಣಿಗಳು ಶಾನುಭೋಗರ ಪರಂಪರೆಯ ಕೈಬರಹದ ಪುಸ್ತಕಗಳನ್ನು ಬಿಟ್ಟು ಗಣಕಗಳನ್ನು ಸೇರಿವೆ. ಕಡತಕ್ಕೆ ಗೆದ್ದಲು ಹಿಡಿದರೆ ಅದು ಕಣ್ಣಿಗೆ ಕಾಣುತ್ತದೆ; ಕಂಡವನು ಯಾರೇ ಆಗಲಿ ಹೇಳಬಲ್ಲನು. ಪ್ರತಿತೆಗೆಯುವ ಕಾರ್ಯಕ್ರಮವೊಂದು ತಿಂಗಳುಗಟ್ಟಲೆ ವಿಫಲವಾಗುತ್ತಿದ್ದು, ಅದರ ನಿವೇದನೆ ಬಾಗಿಲಲ್ಲಿಯೇ ಹಿಂದಿರುಗುತ್ತಿದ್ದರೆ, ಅದನ್ನು ಕಾಣತಕ್ಕವರು ಯಾರೂ ಇರುವುದಿಲ್ಲ. ಆಕರಗಳ ರಕ್ಷಣೆಯು ಇತಿಹಾಸಕಾರರಿಗೆ ಸಂಬಂಧಿಸಿದ ವಿಷಯವಾದರೆ, ಆ ರಕ್ಷಣೆಯ ಕಾವಲೂ ಅವರಿಗೆ ಸಂಬಂಧಿಸಿದುದೇ.

ನಮ್ಮ ವಿದ್ಯಾರ್ಥಿಗಳು ೨೦೦೪ರ ಆ ವರದಿಯ ಐದನೆಯ ಅಧ್ಯಾಯವನ್ನು ಒಂದು ಆಕರಗ್ರಂಥವನ್ನು ಓದುವ ರೀತಿಯಲ್ಲಿ ಓದಬೇಕೆಂದು ನಾವು ಸೂಚಿಸುತ್ತೇವೆ. ಯಾರಿಗೆ ಯಾವ ಹೊತ್ತಿನಲ್ಲಿ ಏನು ತಿಳಿದಿತ್ತು ಎಂಬ ಮೂರು ಅಂಕಣಗಳ ಪಟ್ಟಿಯೊಂದನ್ನು ಅವರೇ ತಯಾರಿಸಿ ನೋಡಲಿ. ೨ ಗಂಟೆ ೪೧ ನಿಮಿಷದ ಸಾಲಿನಲ್ಲಿ ಗಣಕ ವಿಭಾಗದವರ ಅಂಕಣ ತುಂಬಿರುತ್ತದೆ. ನಿರ್ವಾಹಕರ ಅಂಕಣ ಬರಿದಾಗಿರುತ್ತದೆ. ಆ ಎರಡು ಅಂಕಣಗಳ ನಡುವಿನ ಗೆರೆಯನ್ನು ದಾಟಿಸಬೇಕಾಗಿದ್ದವರು ಯಾರೆಂಬ ಪ್ರಶ್ನೆಗೆ ವರದಿಯಲ್ಲಿ ಹೆಸರು ಸಿಕ್ಕುವುದಿಲ್ಲ. ಏಕೆಂದರೆ ಅಂತಹ ಹುದ್ದೆಯನ್ನು ಯಾರೂ ನಿರ್ಮಿಸಿರಲಿಲ್ಲ.